ಉಪ್ಪಾಗೆ: ಅಟ್ಟದ ಹುಳಿಯಿಂದ ಗುಳಿಗೆಯವರೆಗೆ

ಹುಣಸೆ ಬಯಲುಸೀಮೆಯ ಮರ. ಮುಂಗಾರು ಹಿಡಿದರೆ ತಿಂಗಳುಗಟ್ಟಲೆ ಬಿಡದೆ ಸುರಿಯುವ ಕಳಸ, ಕುದುರೆಮುಖದ ಸೀಮೆಯಲ್ಲಾಗಲಿ, ಮೂಡಿಗೆರೆಯ ಪಡುವಣ ಘಟ್ಟದಂಚಿನಲ್ಲಾಗಲಿ ಅದು ಹುಲುಸಾಗಿ ಬೆಳೆದು ಕಾಯಿ ಬಿಡುವುದಿಲ್ಲವಾದ್ದರಿಂದ, ಇಲ್ಲಿನ ಜನರು ಸಾರು, ಗೊಜ್ಜು, ಮೀನು-ಮಾಂಸದ ಪದಾರ್ಥಗಳಿಗೆ ಬೇಕಾದ ಹುಳಿಯನ್ನು ಬಹುಕಾಲ ಕಾಡಿನಿಂದಲೇ ಒದಗಿಸಿಕೊಂಡರು. ವಾಟೆ, ಅಮಟೆ, ಮುರುಗಲು, ಕಾಡುಮಾವಿನ ಮಿಡಿ, ಕಂಚಿ ಮೊದಲಾದವುಗಳ ಜೊತೆಗೆ ಈ ಅಗತ್ಯವನ್ನು ಪೂರೈಸಿದ ಇನ್ನೊಂದು ಮರ ಉಪ್ಪಾಗೆ. ಅದರ ಹಣ್ಣಿನ ಸಿಪ್ಪೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕಪ್ಪಾಗಿ ಕೂರುತ್ತಿದ್ದ ಅಡುಗೆಯ ಸಾಮಗ್ರಿ; ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅದೇ ಸಿಪ್ಪೆ ಬೊಜ್ಜು ಕರಗಿಸುವುದೆಂದು ಹೇಳಲಾದ ಗುಳಿಗೆಗಳ ಮೂಲದ್ರವ್ಯವಾಗಿ ಸಾಗರ ದಾಟಿತು. ಪುರಾವೆ ಬರುವ ಮೊದಲೇ ಬೆಲೆ ಬಂದರೆ ಒಂದು ಮರಕ್ಕೂ ಅದನ್ನು ನಂಬಿದ ಜನರಿಗೂ ಅದನ್ನು ನುಂಗಿದ ಜನರಿಗೂ ಏನಾಗುತ್ತದೆ ಎಂಬುದನ್ನು ಈ ಸಿಪ್ಪೆಯ ಇತಿಹಾಸ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಉಪ್ಪಾಗೆಯನ್ನು ಸಸ್ಯಶಾಸ್ತ್ರಜ್ಞರು ಇಂದು ಗಾರ್ಸಿನಿಯಾ ಗಮ್ಮಿ-ಗುಟ್ಟ ಎಂದು ಕರೆಯುತ್ತಾರೆ. ಮುರುಗಲು ಅಥವಾ ಪುನರ್ಪುಳಿ ಇದರ ಹತ್ತಿರದ ಬಂಧು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಲಾರೆಂಟ್ ಗಾರ್ಸಿನ್ ಎಂಬ ಸಸ್ಯತಜ್ಞನ ನೆನಪಿಗೆ ಈ ಕುಲಕ್ಕೆ ಗಾರ್ಸಿನಿಯಾ ಎಂಬ ಹೆಸರು ಬಂದಿದೆ. ಆದರೆ ಮರದ ವಿವರ ಯುರೋಪಿನಲ್ಲಿ ಮುದ್ರಣಗೊಂಡದ್ದು ಅದಕ್ಕೂ ಮೊದಲೇ: ಕೊಚ್ಚಿಯ ಡಚ್ ಅಧಿಕಾರಿಯಾಗಿದ್ದ ವಾನ್ ರೀಡ್ ಸಿದ್ಧಪಡಿಸಿ, 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲ ಸಂಪುಟ ಪ್ರಕಟವಾದ 'ಹಾರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಅದು 'ಕೊಡಂಪುಳಿ' ಎಂಬ ಮಲಯಾಳ ಹೆಸರಿನೊಂದಿಗೇ ಕಾಣಿಸಿಕೊಂಡಿತು. ಔಷಧದ ಮಾರುಕಟ್ಟೆ ಇಂದಿಗೂ ಬಳಸುವ 'ಕಂಬೋಜಿಯ' ಎಂಬ ಹಳೆಯ ಹೆಸರು ಒಂದು ತಪ್ಪು ಗ್ರಹಿಕೆಯ ಉಳಿಕೆ. ಕಾಂಬೋಡಿಯಾ ದೇಶದಿಂದ ಬರುತ್ತಿದ್ದ, ಬಣ್ಣಕ್ಕೂ ಭೇದಿಯ ಔಷಧಕ್ಕೂ ಬಳಸುತ್ತಿದ್ದ ಹಳದಿ ಅಂಟಿನ ಮರವೇ ಇದೆಂದು ಹಿಂದಿನ ಯುರೋಪಿನ ವಿದ್ವಾಂಸರು ಭಾವಿಸಿದ್ದರು. ಆ ಅಂಟು ಇದೇ ಕುಲದ ಬೇರೊಂದು ಮರದ್ದೆಂದು ಮುಂದೆ ತಿಳಿದರೂ ಹೆಸರು ಮಾತ್ರ ಅಳಿಯಲಿಲ್ಲ. ಹೀಗೆ ಘಟ್ಟದ ಮರವೊಂದು ತಾನು ಬೆಳೆಯದ ದೇಶದ ಹೆಸರನ್ನು ಹೊತ್ತು ಜಗತ್ತಿನ ಅಂಗಡಿಗಳನ್ನು ಸೇರಿತು.

ನಿತ್ಯಹರಿದ್ವರ್ಣದ ಕಾಡು ಮತ್ತು ಕಾನುಗಳಲ್ಲಿ, ಹೊಳೆಯ ದಡಗಳಲ್ಲಿ ಉಪ್ಪಾಗೆ ಸಹಜವಾಗಿ ಬೆಳೆಯುತ್ತದೆ. ಗಂಡು ಹೂ ಮತ್ತು ಹೆಣ್ಣು ಹೂಗಳು ಸಾಮಾನ್ಯವಾಗಿ ಬೇರೆ ಬೇರೆ ಮರಗಳಲ್ಲಿ ಬಿಡುವುದರಿಂದ ಎಲ್ಲ ಮರಗಳೂ ಫಲ ಕೊಡುವುದಿಲ್ಲ. ಪುಟ್ಟ ಕುಂಬಳಕಾಯಿಯಂತೆ ಮೇಲಿನಿಂದ ಕೆಳಗೆ ಗೆರೆ ಬಿದ್ದ ಹಣ್ಣು ಮಳೆಗಾಲದಲ್ಲಿ, ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಳದಿಗೆ ತಿರುಗಿ ಉದುರುತ್ತದೆ. ಬೀಜದ ಸುತ್ತಲಿನ ತಿರುಳನ್ನು ಮಂಗ, ಸಿಂಗಳೀಕಗಳು ತಿಂದು ಬೀಜವನ್ನು ದೂರ ದೂರಕ್ಕೆ ಚೆಲ್ಲುತ್ತವೆ. ಕಾಫಿ ಕೊಯ್ಲು ನಡೆಯುವುದು ಚಳಿಗಾಲದಲ್ಲಿ. ಕೊಯ್ಲಿನ ಕೂಲಿ ಇಲ್ಲದ, ಮನೆಯ ದವಸ ಕರಗುತ್ತ ಬರುವ ಆಷಾಢ-ಶ್ರಾವಣಗಳಲ್ಲಿ ಉಪ್ಪಾಗೆ ಹಣ್ಣಾಗುತ್ತದೆ ಎಂಬುದು ಈ ಸೀಮೆಯ ಬಡವರ ಪಾಲಿಗೆ ಸಣ್ಣ ವಿಷಯವಲ್ಲ. ಕಳಸ-ಮೂಡಿಗೆರೆಯ ಕಾಡಂಚಿನಲ್ಲಿ ನೆಲೆಸಿರುವ ಮಲೆಕುಡಿಯ, ಗೌಡಲು, ಹಸಲರು ಮೊದಲಾದ ಸಮುದಾಯಗಳಿಗೆ ಜೇನು, ಸೀಗೆ, ರಾಮಪತ್ರೆಗಳಂತೆ ಇದೂ ಕಾಡು ಕೊಡುವ ಹುಟ್ಟುವಳಿಯಾಗಿತ್ತು.

ಮಳೆಗಾಲದ ಹಣ್ಣಾದ್ದರಿಂದ ಅದನ್ನು ಬಿಸಿಲಿನಲ್ಲಿ ಒಣಗಿಸುವುದು ಸಾಧ್ಯವಿರಲಿಲ್ಲ. ಕಂಬಳಿಕೊಪ್ಪೆ ಅಥವಾ ಗೊರಬು ಹೊದ್ದು, ಕಾಲಿಗೆ ಹತ್ತುವ ಇಂಬಳಗಳನ್ನು ಕಿತ್ತೆಸೆಯುತ್ತ, ಬಿದ್ದ ಹಣ್ಣನ್ನು ಆರಿಸಿ ತಂದ ಮೇಲೆ ಅದನ್ನು ಗೆರೆಯ ಗುಂಟ ಬಿಡಿಸಿ, ಬೀಜ ಬೇರ್ಪಡಿಸಿ, ಸಿಪ್ಪೆಯ ಹೋಳುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವುತ್ತಿದ್ದರು. ಅಡುಗೆಯ ಬೆಂಕಿಯ ಬಿಸಿ ಮತ್ತು ಹೊಗೆ ದಿನದಿನಕ್ಕೆ ತಾಗಿ, ತಿಳಿಹಳದಿಯ ಸಿಪ್ಪೆ ಮೊದಲು ಕಂದಾಗಿ, ಆಮೇಲೆ ಸುಕ್ಕುಗಟ್ಟಿ ಕಪ್ಪಾಗಿ, ಮುಟ್ಟಿದರೆ ತೊಗಲಿನಂತೆ ಬಾಗುವ ಹದಕ್ಕೆ ಬರುತ್ತಿತ್ತು. ಇದಕ್ಕೆಂದು ಬೇರೆ ಸೌದೆ ಉರಿಸಬೇಕಿರಲಿಲ್ಲ. ಅನ್ನ ಬೇಯುವ ಬೆಂಕಿಯಲ್ಲೇ ಹುಳಿಯೂ ಒಣಗುತ್ತಿತ್ತು. ಬೀಜವೂ ವ್ಯರ್ಥವಾಗುತ್ತಿರಲಿಲ್ಲ. ಮಲೆನಾಡಿನ ಹಲವೆಡೆ ಅದನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ಸೌಟಿನಿಂದ ತೆಗೆದು ಆರಿಸಿದರೆ ಗಟ್ಟಿಯಾಗಿ ಹೆಪ್ಪುಗಟ್ಟುವ ಉಪ್ಪಾಗೆ ತುಪ್ಪ ದೊರೆಯುತ್ತಿತ್ತು. ದೋಸೆ ಹುಯ್ಯುವುದಕ್ಕೂ ಒಗ್ಗರಣೆಗೂ ಅದನ್ನು ಬಳಸುತ್ತಿದ್ದರು.

ಮನೆಯ ಬಳಕೆಯ ಆಚೆಗೂ ಈ ಹುಳಿಗೆ ಬೇಡಿಕೆ ಇತ್ತು. ಕೊಡಗಿನವರು ಇದೇ ಹಣ್ಣಿನ ರಸವನ್ನು ಕುದಿಸಿ ಇಂಗಿಸಿ ಕಾಚಂಪುಳಿ ಎಂಬ ಕಪ್ಪು ಹುಳಿಯನ್ನು ಮಾಡಿಕೊಂಡರು. ಹಂದಿ ಮಾಂಸದ ಪದಾರ್ಥಕ್ಕೆ ಅದರ ಬಣ್ಣ, ರುಚಿ ಎರಡೂ ಅಲ್ಲಿಂದಲೇ ಬರುತ್ತವೆ. ಕೇರಳದಲ್ಲಿ ಒಣಸಿಪ್ಪೆ ಕುಡಂಪುಳಿ ಎಂಬ ಹೆಸರಿನಲ್ಲಿ ಮೀನಿನ ಸಾರಿನ ಅನಿವಾರ್ಯ ಅಂಗವಾಯಿತು. ದಕ್ಷಿಣ ಕನ್ನಡ ಮತ್ತು ಮಲಬಾರಿನ ಕರಾವಳಿಯಲ್ಲಿ ಬಂಗುಡೆಯಂಥ ಮೀನುಗಳನ್ನು ಉಪ್ಪು ಮತ್ತು ಈ ಸಿಪ್ಪೆಯೊಂದಿಗೆ ಪೀಪಾಯಿಗಳಲ್ಲಿ ಹಾಕಿ ಕೆಡದಂತೆ ಇರಿಸಿ, ಸಿಂಹಳಕ್ಕೆ ಕಳುಹಿಸುವ ಪದ್ಧತಿಯೊಂದಿತ್ತು. ಆ ಮೀನು ಹೋಗುತ್ತಿದ್ದ ಊರಿನ ಹೆಸರಿನಿಂದ ಆ ಪದ್ಧತಿಗೆ ಕೊಲಂಬೊ ಪದ್ಧತಿ ಎಂದೇ ಹೆಸರಾಗಿತ್ತು. ಸಿಪ್ಪೆಯಲ್ಲಿನ ಆಮ್ಲ ಮೀನನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ ಎಂಬ ಅರಿವು ಈ ಬಳಕೆಯ ಹಿಂದೆ ಅನುಭವವಾಗಿ ಕೆಲಸ ಮಾಡಿತ್ತು. ಆ ಆಮ್ಲ ಯಾವುದು ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಮೈಸೂರಿನಲ್ಲಿ.

1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸ ಸೌಧದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ದೇಶದ ಆಹಾರ ಪದಾರ್ಥಗಳನ್ನು ರಾಸಾಯನಿಕವಾಗಿ ಪರೀಕ್ಷಿಸುವ ಕೆಲಸವನ್ನು ಕೈಗೊಂಡಿತ್ತು. ಅಲ್ಲಿನ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು ಉಪ್ಪಾಗೆ ಸಿಪ್ಪೆಯ ಹುಳಿಯನ್ನು ಬೇರ್ಪಡಿಸಿ, ಹಿಂದಿನವರು ತಿಳಿದಿದ್ದಂತೆ ಅದು ಹುಣಸೆಯ ಟಾರ್ಟಾರಿಕ್ ಆಮ್ಲವೂ ಅಲ್ಲ, ನಿಂಬೆಯ ಸಿಟ್ರಿಕ್ ಆಮ್ಲವೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ 'ಫೈಟೊಕೆಮಿಸ್ಟ್ರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ನಿಂಬೆಯ ಆಮ್ಲದ ಅಣುವಿಗೆ ಇನ್ನೊಂದು ಆಮ್ಲಜನಕದ ಪರಮಾಣು ಕೂಡಿಕೊಂಡರೆ ಆಗುವ ವಸ್ತು ಇದು. ಒಣಸಿಪ್ಪೆಯ ತೂಕದಲ್ಲಿ ಇದರ ಪಾಲು ಶೇ. 10ರಿಂದ 30ರವರೆಗೆ ಇರುತ್ತದೆ. ಅಡುಗೆಮನೆಯ ವಸ್ತುವೊಂದರ ಗುಣವನ್ನು ನಿಖರವಾಗಿ ಗುರುತಿಸಿದ ಈ ಶೋಧ ತೂಕ ಇಳಿಸುವ ಉದ್ದೇಶದಿಂದ ನಡೆದದ್ದಲ್ಲ. ಆಹಾರವಿಜ್ಞಾನದ ಶ್ರದ್ಧೆಯ ಕೆಲಸವಾಗಿ ಅದು ಕನ್ನಡ ನಾಡಿನ ಹೆಮ್ಮೆಯ ಸಂಗತಿ.

ಈ ಆಮ್ಲ ವೈದ್ಯರ ಮತ್ತು ವ್ಯಾಪಾರಿಗಳ ಗಮನ ಸೆಳೆದದ್ದು ಅಮೆರಿಕದಲ್ಲಿ ನಡೆದ ಮುಂದಿನ ಸಂಶೋಧನೆಯಿಂದ. ಉಂಡ ಆಹಾರವನ್ನು ದೇಹವು ಶಕ್ತಿಯಾಗಿ, ಮಾಂಸವಾಗಿ, ಕೊಬ್ಬಾಗಿ ಮಾರ್ಪಡಿಸುವ ಮತ್ತು ಅವನ್ನು ಮತ್ತೆ ಒಡೆಯುವ ರಾಸಾಯನಿಕ ಕ್ರಿಯೆಗಳ ಒಟ್ಟು ಸಮೂಹವನ್ನು ಚಯಾಪಚಯ ಎನ್ನುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಪಿಷ್ಟ ಅಥವಾ ಸಕ್ಕರೆ ದೇಹ ಸೇರಿದಾಗ ಅದರ ಒಂದಂಶ ಜೀವಕೋಶದಲ್ಲಿ ಸಿಟ್ರೇಟ್ ಎಂಬ ವಸ್ತುವಾಗುತ್ತದೆ. ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು, ಅದನ್ನು ಒಡೆದು ಕೊಬ್ಬಿಗೆ ಬೇಕಾದ ಕಚ್ಚಾ ವಸ್ತುವನ್ನು ಒದಗಿಸುತ್ತದೆ. ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಉಪ್ಪಾಗೆಯ ಆಮ್ಲ ಸಿಟ್ರೇಟನ್ನು ಹೋಲುವುದರಿಂದ ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತದೆ ಎಂದು 1969ರಲ್ಲಿ ತೋರಿಸಿ, 1971ರಲ್ಲಿ ಇಲಿಗಳ ಯಕೃತ್ತಿನಲ್ಲಿ ಕೊಬ್ಬಿನ ತಯಾರಿಕೆ ಇದರಿಂದ ಕುಗ್ಗುತ್ತದೆಂದು ವರದಿ ಮಾಡಿದರು. 1970ರ ದಶಕದಲ್ಲಿ ಹಾಫ್‌ಮನ್-ಲಾ ರೋಶ್ ಔಷಧ ಕಂಪನಿಯ ವಿಜ್ಞಾನಿಗಳು ನಡೆಸಿದ ಪ್ರಯೋಗಗಳಲ್ಲಿ ಇಲಿಗಳು ಕಡಿಮೆ ತಿಂದು ಕಡಿಮೆ ತೂಕ ಪಡೆದವು. ಇಲಿಯ ದೇಹ ಪಿಷ್ಟವನ್ನು ಕೊಬ್ಬಾಗಿ ಮಾರ್ಪಡಿಸುವ ಪ್ರಮಾಣ ಮನುಷ್ಯರದಕ್ಕಿಂತ ಹೆಚ್ಚು. ಮನುಷ್ಯರಲ್ಲಿ ಸಾಮಾನ್ಯ ಊಟದ ಕ್ರಮದಲ್ಲಿ ಬೊಜ್ಜು ಬಹುಪಾಲು ಆಹಾರದಲ್ಲಿರುವ ಕೊಬ್ಬಿನಿಂದಲೇ ಶೇಖರವಾಗುತ್ತದೆ. ಆದುದರಿಂದ ಇಲಿಯಲ್ಲಿ ಕಂಡ ಫಲ ಮನುಷ್ಯರಲ್ಲಿಯೂ ಕಾಣುವುದೇ ಎಂಬುದನ್ನು ಬೇರೆಯಾಗಿ ಪರೀಕ್ಷಿಸಬೇಕಿತ್ತು.

ಆ ಪರೀಕ್ಷೆ ಮುಗಿಯುವವರೆಗೆ ಮಾರುಕಟ್ಟೆ ಕಾಯಲಿಲ್ಲ. ಅಮೆರಿಕದ ಸಂಸತ್ತು 1994ರಲ್ಲಿ ಪೂರಕ ಆಹಾರಗಳಿಗೆ ಸಂಬಂಧಿಸಿದಂತೆ ಒಂದು ಕಾನೂನನ್ನು ಅಂಗೀಕರಿಸಿತು. ಪೂರಕ ಆಹಾರವೆಂದರೆ ಊಟದ ಜೊತೆಗೆ ಗುಳಿಗೆ, ಪುಡಿ ಅಥವಾ ದ್ರವದ ರೂಪದಲ್ಲಿ ಸೇವಿಸುವ ಪೋಷಕಾಂಶ ಅಥವಾ ಸಸ್ಯಸಾರ. ಔಷಧಕ್ಕೆ ಬೇಕಾದಂತೆ ಇದಕ್ಕೆ ಮಾರಾಟಕ್ಕೆ ಮುನ್ನ ಪರಿಣಾಮದ ಪುರಾವೆಯನ್ನು ಸರ್ಕಾರದ ಮುಂದಿಡುವ ಅಗತ್ಯವಿಲ್ಲವೆಂದು ಆ ಕಾನೂನು ಬಗೆಯಿತು. ಉಪ್ಪಾಗೆಯ ಸಾರ ಈ ಬಾಗಿಲಿನಿಂದ ಒಳಹೊಕ್ಕಿತು. ಒಣಸಿಪ್ಪೆಯನ್ನು ನೀರಿನಲ್ಲಿ ಕುದಿಸಿ, ಇಳಿದ ಆಮ್ಲವನ್ನು ಸುಣ್ಣದ ಅಂಶದೊಡನೆ ಕೂಡಿಸಿ ಲವಣವಾಗಿ ಗಟ್ಟಿಗೊಳಿಸಿ, ಅರ್ಧಕ್ಕಿಂತ ಹೆಚ್ಚು ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿರುವ ಪುಡಿಯನ್ನು ತಯಾರಿಸುವ ಕಾರ್ಖಾನೆಗಳು ದಕ್ಷಿಣ ಭಾರತದಲ್ಲಿ ಬೆಳೆದವು. ಬೆಂಗಳೂರಿನ ಸಾಮಿ ಲ್ಯಾಬ್ಸ್ ತಯಾರಿಸಿದ 'ಸಿಟ್ರಿನ್' ಅಂಥ ಸಾರಗಳಲ್ಲೊಂದು.

ಕಡಲಾಚೆಯ ಈ ಬೇಡಿಕೆ ಪಶ್ಚಿಮ ಘಟ್ಟದ ಕಾಡಿನೊಳಗೆ ಬೆಲೆಯಾಗಿ ಇಳಿಯಿತು. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರಿನ ಮಲೆನಾಡಿನಲ್ಲಿ ಅದುವರೆಗೆ ಮನೆಗೆಂದು ಆರಿಸುತ್ತಿದ್ದ ಹಣ್ಣು ಮಂಡಿಯ ಸರಕಾಯಿತು. ಮರ ಯಾರೊಬ್ಬರದೂ ಅಲ್ಲದ ಅರಣ್ಯದಲ್ಲಿ, ಕಿರು ಅರಣ್ಯ ಉತ್ಪನ್ನದ ಹಕ್ಕು ಹರಾಜಿನಲ್ಲಿ ಗುತ್ತಿಗೆದಾರನಿಗೆ ಹೋಗುವ ವ್ಯವಸ್ಥೆಯಲ್ಲಿ, ಹಣ್ಣಾಗುವವರೆಗೆ ಕಾಯುವವನಿಗಿಂತ ಮೊದಲು ಕೊಯ್ದವನಿಗೆ ಲಾಭವಿತ್ತು. ದೋಟಿಗೆ ಸಿಕ್ಕಷ್ಟನ್ನು ಕೆಡವುವುದು, ಎಟುಕದ ಕಡೆ ಕೊಂಬೆಯನ್ನೇ ಕಡಿಯುವುದು, ಬಲಿಯದ ಕಾಯಿಯನ್ನೂ ಬಿಡದಿರುವುದು ಹೀಗೆ ಹುಟ್ಟಿಕೊಂಡ ಅಭ್ಯಾಸಗಳು. ಅನ್ನದ ಒಲೆಯ ಮೇಲಿನ ಅಟ್ಟ ಈಗ ಸಾಲದಾಯಿತು. ಸಿಪ್ಪೆಯನ್ನು ರಾಶಿ ರಾಶಿಯಾಗಿ ಒಣಗಿಸಲು ಬೇರೆ ಒಲೆಗಳನ್ನು ಹೂಡಿ ಹಗಲಿರುಳು ಉರಿ ಹಾಕಬೇಕಾಗಿ ಬಂದಾಗ, ಹಸಿ ಸಿಪ್ಪೆಯ ನೀರನ್ನು ಹೊರಹಾಕಲು ಕಾಡಿನ ಸೌದೆಯೇ ಉರಿಯಿತು, ಅದರ ಹೊಗೆಯನ್ನು ಉರಿಯ ಮುಂದೆ ಕೂತ ಹೆಂಗಸರು ಕುಡಿದರು. 2004ರಲ್ಲಿ ನಿತಿನ್ ರೈ ಮತ್ತು ಕ್ರಿಸ್ಟೊಫರ್ ಉಲ್ ಪ್ರಕಟಿಸಿದ ಅಧ್ಯಯನವು ಉಪ್ಪಾಗೆಯ ಕೊಯ್ಲು, ಕಾಡಿನ ರಕ್ಷಣೆ ಮತ್ತು ಜನರ ಜೀವನೋಪಾಯ ಎಂಬ ಮೂರನ್ನೂ ಒಟ್ಟಿಗೆ ಇಟ್ಟು ಪರಿಶೀಲಿಸಿದ್ದು ಈ ಕಾರಣದಿಂದಲೇ. 1990ರ ದಶಕದಲ್ಲಿ ಏರಿದ ಬೆಲೆ ದಶಕ ಕಳೆಯುವ ಹೊತ್ತಿಗೆ ಇಳಿದಾಗ, ಆ ಇಳಿತದ ಭಾರವೂ ಮಳೆಯಲ್ಲಿ ನೆನೆದು ಹಣ್ಣು ತಂದವರ ಮೇಲೆಯೇ ಬಿದ್ದಿತು.

ಮನುಷ್ಯರಲ್ಲಿ ನಡೆಯಬೇಕಿದ್ದ ಪರೀಕ್ಷೆಗಳಲ್ಲಿ ಮುಖ್ಯವಾದುದರ ಫಲಿತಾಂಶ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದಿತು. ಸ್ಟೀವನ್ ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರು ಅಧಿಕ ತೂಕದ 135 ಜನರನ್ನು ಎರಡು ಗುಂಪು ಮಾಡಿ, ಎರಡೂ ಗುಂಪಿಗೆ ಮಿತವಾದ, ನಾರಿನಂಶ ಹೆಚ್ಚಿರುವ ಆಹಾರಕ್ರಮವನ್ನು ಸೂಚಿಸಿ, ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಔಷಧರಹಿತ ಗುಳಿಗೆಯನ್ನೂ 12 ವಾರ ಕೊಟ್ಟರು. ಆಮ್ಲ ಸೇವಿಸಿದವರ ತೂಕ ಸರಾಸರಿ 3.2 ಕೆ.ಜಿ. ಇಳಿದರೆ, ಬರಿಯ ಗುಳಿಗೆ ಸೇವಿಸಿದವರ ತೂಕ 4.1 ಕೆ.ಜಿ. ಇಳಿದಿತ್ತು, ತೂಕ ಇಳಿಸಿದ್ದು ಊಟದ ಮಿತಿಯೇ ಹೊರತು ಉಪ್ಪಾಗೆಯಲ್ಲ ಎಂಬುದು ಇದರ ಅರ್ಥ. 2011ರಲ್ಲಿ ಹಲವು ಪರೀಕ್ಷೆಗಳನ್ನು ಕ್ರೋಡೀಕರಿಸಿದ ವಿಶ್ಲೇಷಣೆಯೊಂದು ಸುಮಾರು 0.88 ಕೆ.ಜಿ.ಯಷ್ಟು ಅಲ್ಪ ವ್ಯತ್ಯಾಸವನ್ನು ಗುರುತಿಸಿತಾದರೂ, ಆರೋಗ್ಯದ ದೃಷ್ಟಿಯಿಂದ ಅದರ ಮಹತ್ವ ಅನಿಶ್ಚಿತವೆಂದೇ ಹೇಳಿತು. ಇನ್ನೊಂದೆಡೆ, ಉಪ್ಪಾಗೆಯ ಸಾರ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗತೊಡಗಿದವು. 2022ರಲ್ಲಿ ಅಮೆರಿಕದ ಯಕೃತ್ ತಜ್ಞರ ಅಧ್ಯಯನ ಜಾಲವೊಂದು ಅಂಥ ಪ್ರಕರಣಗಳನ್ನು ಒಟ್ಟುಗೂಡಿಸಿ ಪ್ರಕಟಿಸಿತು.

ತಲೆಮಾರುಗಳಿಂದ ಉಪ್ಪಾಗೆಯ ಹುಳಿ ಉಂಡ ಮಲೆನಾಡಿಗೂ ಗುಳಿಗೆ ನುಂಗಿದವರಿಗೂ ಇಲ್ಲಿರುವ ವ್ಯತ್ಯಾಸ ಪ್ರಮಾಣಕ್ಕೆ ಸಂಬಂಧಿಸಿದ್ದು. ದಿನಕ್ಕೆ 1,500 ಮಿಲಿಗ್ರಾಂ ಆಮ್ಲವೆಂದರೆ 5ರಿಂದ 15 ಗ್ರಾಂ ಒಣಸಿಪ್ಪೆಯ ಸತ್ವ ಒಬ್ಬರ ಹೊಟ್ಟೆಗೆ ಹೋದಂತೆ. ಮನೆಮಂದಿಗೆಲ್ಲ ಕಾಯಿಸಿದ ಸಾರಿಗೆ ಎರಡು ಹೋಳು ಹೆಚ್ಚಾದರೂ ಹಲ್ಲು ಚುಳ್ಳೆನ್ನುತ್ತದೆ, ನಾಲಿಗೆ ಬೇಡವೆನ್ನುತ್ತದೆ. ಅಡುಗೆಯಲ್ಲಿ ನಾಲಿಗೆಯೇ ಅಳತೆಗೋಲು. ಗುಳಿಗೆ ಆ ಅಳತೆಗೋಲನ್ನು ದಾಟಿ ಒಳಗೆ ಹೋಗುತ್ತದೆ. ಆದ್ದರಿಂದ 'ಹಿಂದಿನವರು ತಿನ್ನುತ್ತಿದ್ದರು, ಹಾಗಾಗಿ ಇದು ನಿರಪಾಯಕಾರಿ' ಎಂಬ ವಾದ ಸಾರಿನ ಸಿಪ್ಪೆಗೆ ಸಲ್ಲುತ್ತದೆ, ಸಾಂದ್ರೀಕರಿಸಿದ ಸಾರಕ್ಕೆ ಸಲ್ಲುವುದಿಲ್ಲ.

ಇದೇ ಗುಡ್ಡಗಳ ಮುಖ್ಯ ಬೆಳೆಯಾದ ಕಾಫಿಗೂ ಸ್ವಲ್ಪ ತಡವಾಗಿ ಇಂಥದೇ ಪ್ರಸಂಗ ಒದಗಿತು. ಬಾಬಾಬುಡನ್‌ಗಿರಿಯ ಬೀಜಗಳಿಂದ ಬೆಳೆದು ಬಂದ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಮೈಸೂರು ಸರ್ಕಾರ ಸ್ಥಾಪಿಸಿದ ಕಾಫಿ ಪ್ರಯೋಗ ಕೇಂದ್ರದ ಆರೈಕೆ ಪಡೆದ ಈ ಬೆಳೆಯ ಹುರಿಯದ ಬೀಜದಲ್ಲಿ ಕ್ಲೋರೊಜೆನಿಕ್ ಆಮ್ಲವೆಂಬ ವಸ್ತುವಿದೆ. ರೊಬಸ್ಟಾದಲ್ಲಿ ಅದು ಅರೇಬಿಕಾಗಿಂತ ಹೆಚ್ಚು, ಹುರಿದಂತೆಲ್ಲ ಕಡಿಮೆಯಾಗುತ್ತದೆ. ಹಸಿ ಕಾಫಿ ಬೀಜದ ಸಾರದಿಂದ ತೂಕ ಗಣನೀಯವಾಗಿ ಇಳಿಯುತ್ತದೆಂದು 2012ರಲ್ಲಿ ಪ್ರಬಂಧವೊಂದು ಪ್ರಕಟವಾಗಿ, ಅಮೆರಿಕದ ಜನಪ್ರಿಯ ದೂರದರ್ಶನ ಕಾರ್ಯಕ್ರಮವೊಂದರ ಮೂಲಕ ಮನೆಮನೆಗೆ ಮುಟ್ಟಿತು. ಪ್ರಬಂಧಕ್ಕೆ ಆಧಾರವಾಗಿದ್ದ ಪ್ರಯೋಗ ನಡೆದದ್ದು ಬೆಂಗಳೂರಿನಲ್ಲಿ, ಅದರಲ್ಲಿದ್ದವರು ಕೇವಲ 16 ಜನ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ಪ್ರಯೋಗದ ಅಂಕಿಅಂಶಗಳನ್ನು ತಿದ್ದಲಾಗಿದೆಯೆಂದು ಆರೋಪಿಸಿತು. ಪ್ರಾಯೋಜಿಸಿದ ಕಂಪನಿ 2014ರ ಸೆಪ್ಟೆಂಬರಿನಲ್ಲಿ 35 ಲಕ್ಷ ಡಾಲರ್ ತೆರಲು ಒಪ್ಪಿತು, ಮರುತಿಂಗಳು ಪ್ರಬಂಧವನ್ನು ಲೇಖಕರು ಹಿಂತೆಗೆದುಕೊಂಡರು.

ಲೂಯಿಸ್-ನೀಲಕಂಠನ್ ಮತ್ತು ಲೋವೆನ್‌ಸ್ಟೈನ್ ಅವರ ವಿಜ್ಞಾನ ಗುಳಿಗೆಗಳ ಈ ಸೋಲಿನಿಂದ ಸುಳ್ಳಾಗಲಿಲ್ಲ. ಉಪ್ಪಾಗೆಯ ಆಮ್ಲ ತಡೆಯುವ ಅದೇ ಕಿಣ್ವವನ್ನು ಯಕೃತ್ತಿನಲ್ಲಿ ತಡೆಯುವ ಬೆಂಪೆಡೋಯಿಕ್ ಆಮ್ಲವೆಂಬ ಕೃತಕ ಔಷಧಕ್ಕೆ, ರಕ್ತದ ಕೆಟ್ಟ ಕೊಲೆಸ್ಟರಾಲ್ ಇಳಿಸಲು, 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು; 13,970 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಗಿ, ಹೃದಯಾಘಾತದಂಥ ಘಟನೆಗಳನ್ನು ಅದು ಕಡಿಮೆ ಮಾಡುತ್ತದೆಂದು ತೋರಿಸಿತು. ಒಂದೇ ಅರಿವಿನಿಂದ ಹೊರಟ ಎರಡು ದಾರಿಗಳಲ್ಲಿ ಒಂದು ಪರೀಕ್ಷೆಯ ಮೂಲಕ ರೋಗಿಯನ್ನು ಮುಟ್ಟಿತು, ಇನ್ನೊಂದು ಜಾಹೀರಾತಿನ ಮೂಲಕ.

ಭಾರತದಲ್ಲಿ ಈ ವಿವೇಚನೆ ಇಂದು ಹೆಚ್ಚು ಅಗತ್ಯವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇಷ್ಟು ಜನ ಪರಿಹಾರಕ್ಕಾಗಿ ಕಾದಿರುವಾಗ ಪ್ರತಿ ಕಾಡುಹಣ್ಣಿಗೂ ಗುಳಿಗೆಯ ರೂಪ ಕೊಡುವ ಆಸೆ ಸಹಜ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2016ರ ನಿಯಮಾವಳಿ ಪೂರಕ ಆಹಾರದ ಪೊಟ್ಟಣದ ಮೇಲೆ ಅದು ಔಷಧವಾಗಿ ಬಳಸಲು ಅಲ್ಲವೆಂದು ಮುದ್ರಿಸಬೇಕೆಂದು ವಿಧಿಸಿದೆ. ಆ ಸಾಲನ್ನು ಓದಿಕೊಳ್ಳುವುದು ಕೊಳ್ಳುವವರ ಹಿತಕ್ಕೇ ಒಳ್ಳೆಯದು. ಸಂಗ್ರಹಿಸುವವರ ಹಿತಕ್ಕೆ ಸಂಬಂಧಿಸಿದ್ದು ಇನ್ನೊಂದು ಕಾನೂನು. 2006ರ ಅರಣ್ಯ ಹಕ್ಕು ಕಾಯ್ದೆ ಪಾರಂಪರಿಕವಾಗಿ ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸುತ್ತ ಬಂದವರಿಗೆ ಅದರ ಒಡೆತನವನ್ನು ಮಾನ್ಯ ಮಾಡಿದೆ. ಮರದ ಮೇಲೆ ಹಕ್ಕುಳ್ಳವನು ಕೊಂಬೆ ಕಡಿಯುವುದಿಲ್ಲ, ಹಣ್ಣಾಗುವವರೆಗೆ ಕಾಯುತ್ತಾನೆ.

ಉಪ್ಪಾಗೆ ಬೊಜ್ಜಿನ ಔಷಧವೆಂದು ಸಾಬೀತಾಗಲಿಲ್ಲ. ಹುಳಿಯೆಂದು ಅದನ್ನು ಯಾರೂ ಸಾಬೀತುಪಡಿಸಬೇಕಾಗಿಲ್ಲ. ಕಾಚಂಪುಳಿ, ಕುಡಂಪುಳಿಗಳಿಗೆ ಕೊಡಗು ಮತ್ತು ಕೇರಳಗಳು ಕೊಟ್ಟ ಮರ್ಯಾದೆಯನ್ನು ಮಲೆನಾಡು ತನ್ನ ಅಟ್ಟದ ಸಿಪ್ಪೆಗೂ ಕೊಡಬೇಕು. ಕೊಳ್ಳುವವರು ಅದನ್ನು ಅಡುಗೆಯ ಹುಳಿಯೆಂದೇ ಕೊಂಡು, ಆರಿಸಿ ತಂದವರಿಗೆ ನ್ಯಾಯವಾದ ದರ ಮುಟ್ಟುವಂತೆ ನೋಡಿಕೊಳ್ಳಬೇಕು. ತೂಕ, ಸಕ್ಕರೆ, ಕೊಲೆಸ್ಟರಾಲಿನ ತೊಂದರೆಯಿದ್ದವರು ವೈದ್ಯರ ಬಳಿ ಹೋಗಲಿ. ಉಪ್ಪಾಗೆ ಸಾರಿನ ಪಾತ್ರೆಯಲ್ಲಿಯೇ ಇರಲಿ.